ಹಿತ್ತಿಲ ಮರಳಿನಲ್ಲಿ ಕಾಡು ನೀರುಳ್ಳಿ: ಕೀಳಬೇಕೇ, ಬಿಡಬೇಕೇ?

ಮರವಂತೆಯ ಆಸುಪಾಸಿನ ಓದುಗರೊಬ್ಬರು ಫೆಬ್ರವರಿಯಲ್ಲಿ ಬರೆದ ಪತ್ರ ಇದು:

“ನಮ್ಮ ಮನೆ ಕಡಲಿಗೆ ಕೂಗಳತೆಯ ದೂರ. ಹಿತ್ತಿಲು ಪೂರ್ತಿ ಮರಳು. ಗಾಳಿಮರಗಳ ಬುಡದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಎಲೆಯೇ ಇಲ್ಲದ ಕಂದು ಕೋಲುಗಳು ಏಳುತ್ತವೆ, ಅವುಗಳ ಮೇಲೆ ಮಂಕು ಬಣ್ಣದ ಸಣ್ಣ ಹೂಗಳು. ಮಳೆ ಹಿಡಿದ ಮೇಲೆ ಅಲ್ಲೇ ನೀರುಳ್ಳಿಯಂಥ ಎಲೆಗಳು ಬರುತ್ತವೆ. ಎರಡೂ ಬೇರೆ ಬೇರೆ ಗಿಡ ಎನ್ನುತ್ತಾರೆ ಅತ್ತೆ. ಈ ಸಲ ಕುಮಟೆಯಿಂದ ಸಿಹಿ ನೀರುಳ್ಳಿಯ ಸಸಿ ತಂದು ಒಂದು ಪಾತಿ ಮಾಡಿದೆವು. ಅಗೆಯುವಾಗ ಮುಷ್ಟಿ ಗಾತ್ರದ ಬಿಳಿ ಗಡ್ಡೆಗಳು ಎಂಟು ಹತ್ತು ಸಿಕ್ಕವು. ಒಂದೆರಡು ಗುದ್ದಲಿಗೆ ಸಿಕ್ಕಿ ಸೀಳಿದವು, ಕೈಯೆಲ್ಲ ತುರಿಸಿತು. ಅದು ಕಾಡು ನೀರುಳ್ಳಿ, ವಿಷ ಅಂದರು ಒಬ್ಬರು. ವಿಷವಲ್ಲ, ಕಲ್ಲು ಕರಗಿಸುವ ಮದ್ದು ಅಂದರು ಇನ್ನೊಬ್ಬರು. ಮಾವನಿಗೆ ಎಪ್ಪತ್ತೊಂದು ವರ್ಷ. ಹೃದಯದ ತೊಂದರೆಗೆ ಡಿಗಾಕ್ಸಿನ್ ಮತ್ತು ನೀರಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ಮಳೆಗಾಲದಲ್ಲಿ ಮೂತ್ರದ ಕಲ್ಲಿಗೆಂದು ಈ ಗಡ್ಡೆಯ ರಸವನ್ನು ಎರಡು ದಿನ ಕುಡಿದು, ವಾಂತಿಯಾಗಿ ಬಿಟ್ಟರು. ವಾಂತಿಯಾದದ್ದು ಒಳ್ಳೆಯದೇ, ದೋಷ ಹೊರಗೆ ಹೋಯಿತು ಎಂದು ಕೊಟ್ಟವರು ಹೇಳಿದರಂತೆ. ಕುದಿಸಿ ಕುಡಿದರೆ ಏನೂ ಆಗುವುದಿಲ್ಲ ಎಂದು ಈ ವರ್ಷ ಮತ್ತೆ ಶುರು ಮಾಡುವ ಯೋಚನೆಯಲ್ಲಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗನಿದ್ದಾನೆ, ಒಂದು ಕರುವಿದೆ. ಗಡ್ಡೆ ಕೊಳ್ಳುತ್ತೇನೆ ಎಂದು ಒಬ್ಬ ವ್ಯಾಪಾರಿ ಎರಡು ಸಲ ಬಂದು ಹೋದ. ಎಲ್ಲವನ್ನೂ ಕಿತ್ತು ಕೊಟ್ಟುಬಿಡಲೇ?”

ಮೊದಲು ನಿಮ್ಮ ಮಾವನವರ ವಿಷಯ. ಉಳಿದದ್ದನ್ನೆಲ್ಲ ನಿಧಾನಕ್ಕೆ ಮಾತಾಡಬಹುದು, ಇದನ್ನು ಮಾತ್ರ ಇವತ್ತೇ ಅವರ ಬಳಿ ಕೂತು ಹೇಳಿ. ಡಿಗಾಕ್ಸಿನ್ ತೆಗೆದುಕೊಳ್ಳುವವರು ಈ ಗಡ್ಡೆಯ ರಸವನ್ನು ಒಂದು ಚಮಚವೂ ಕುಡಿಯಬಾರದು. ಹಸಿಯಾಗಿಯೂ ಬೇಡ, ಕುದಿಸಿಯೂ ಬೇಡ, ಜೇನಿನಲ್ಲಿ ಕಲಸಿಯೂ ಬೇಡ. ಅವರು ಎರಡೇ ದಿನಕ್ಕೆ ನಿಲ್ಲಿಸಿದ್ದು ಪುಣ್ಯ.

ಏಕೆಂದರೆ ಆ ಮಾತ್ರೆಯೂ ಈ ಗಡ್ಡೆಯೂ ಹೃದಯದಲ್ಲಿ ಮಾಡುವ ಕೆಲಸ ಒಂದೇ. ಡಿಗಾಕ್ಸಿನ್ ಬರುವುದು ಯುರೋಪಿನ ಡಿಜಿಟಾಲಿಸ್ ಎಂಬ ಹೂಗಿಡದ ಎಲೆಯಿಂದ. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ ಅದರ ಬಗ್ಗೆ ಪುಸ್ತಕ ಬರೆದ ಮೇಲೆ ವೈದ್ಯಲೋಕದಲ್ಲಿ ಅದಕ್ಕೆ ಗಟ್ಟಿಯಾದ ಜಾಗ ಸಿಕ್ಕಿತು. ಅದಕ್ಕೂ ಬಹಳ ಮೊದಲೇ ಮೈ ಊದಿಕೊಂಡ ರೋಗಿಗಳಿಗೆ ಕೊಡುತ್ತಿದ್ದ ಮದ್ದುಗಳಲ್ಲಿ ಒಂದು ಸ್ಕ್ವಿಲ್. ಅದು ಮೆಡಿಟರೇನಿಯನ್ ಕಡಲ ದಂಡೆಯ ದೊಡ್ಡ ಗಡ್ಡೆ. ನಿಮ್ಮ ಹಿತ್ತಿಲಲ್ಲಿರುವುದು ಅದರ ಭಾರತದ ಸೋದರ. ಹಳೆಯ ಪುಸ್ತಕಗಳಲ್ಲಿ ಅರ್ಜೀನಿಯ ಇಂಡಿಕಾ, ಈಗಿನ ಸಸ್ಯಶಾಸ್ತ್ರದಲ್ಲಿ ಡ್ರಿಮಿಯ ಇಂಡಿಕಾ. ನಮ್ಮಲ್ಲಿ ಕಾಡು ಈರುಳ್ಳಿ, ಅಡವಿ ಈರುಳ್ಳಿ, ಸಂಸ್ಕೃತದಲ್ಲಿ ವನಪಲಾಂಡು, ತಮಿಳರಿಗೆ ನರಿ ವೆಂಗಾಯಂ. ಎಷ್ಟು ಭಾಷೆಯ ಜನ ಇದನ್ನು ‘ಈರುಳ್ಳಿ’ ಎನ್ನುತ್ತಾ, ಆ ಮಾತಿನ ಹಿಂದೆಯೇ ಕಾಡನ್ನೋ ನರಿಯನ್ನೋ ಸೇರಿಸಿ ಎಚ್ಚರ ಹೇಳಿದ್ದಾರೆ ನೋಡಿ.

ಹೃದಯದ ಸ್ನಾಯುವಿನ ಪ್ರತಿಯೊಂದು ಜೀವಕೋಶದ ಪೊರೆಯಲ್ಲೂ ಒಂದು ಬಗೆಯ ಪಂಪ್ ಇರುತ್ತದೆ. ಅದು ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ. ಇದು ನಡೆಯುತ್ತಿದ್ದರೆ ಮಾತ್ರ ಬಡಿತಕ್ಕೆ ತಾಳ. ಕಾಡು ನೀರುಳ್ಳಿಯಲ್ಲಿರುವ ಸಿಲ್ಲಾರೆನ್, ಪ್ರೋಸಿಲ್ಲಾರಿಡಿನ್ ಎಂಬ ಪದಾರ್ಥಗಳು ಆ ಪಂಪನ್ನು ತಡೆಯುತ್ತವೆ. ಅಳತೆಯಲ್ಲಿ ತಡೆದರೆ ಸೋತ ಹೃದಯ ಸ್ವಲ್ಪ ಗಟ್ಟಿಯಾಗಿ ಹಿಂಡುತ್ತದೆ, ಅದೇ ಮದ್ದು. ಅಳತೆ ಮೀರಿದರೆ ಬಡಿತ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಈ ಎರಡರ ನಡುವಿನ ಅಂತರ ಎಷ್ಟು ಕಿರಿದು ಎಂಬುದಕ್ಕೆ ಮಾವನವರ ಮಾತ್ರೆಯ ಪಟ್ಟಿಯನ್ನೇ ನೋಡಿ: ಸಾಮಾನ್ಯವಾಗಿ ಸಿಗುವ ಡಿಗಾಕ್ಸಿನ್ ಮಾತ್ರೆಯಲ್ಲಿ ಇರುವ ಔಷಧ 0.25 ಮಿಲಿಗ್ರಾಂ. ಒಂದು ಗ್ರಾಮನ್ನು ನಾಲ್ಕು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ನಡೆಯುತ್ತಿರುವ ದೇಹಕ್ಕೆ ಅದೇ ಕೆಲಸ ಮಾಡುವ ರಸವನ್ನು ಚಮಚದಲ್ಲಿ ಸುರಿದರೆ ಏನಾದೀತು?

ಅವರು ತೆಗೆದುಕೊಳ್ಳುವ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ಇದಕ್ಕೆ ಇನ್ನೊಂದು ತೊಡಕು. ಅಂಥ ಮಾತ್ರೆಗಳಲ್ಲಿ ಹೆಚ್ಚಿನವು ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನೂ ಹೊರಗೆ ಕಳಿಸುತ್ತವೆ. ಪೊಟ್ಯಾಸಿಯಂ ತಗ್ಗಿದ ಹೃದಯದ ಮೇಲೆ ಡಿಗಾಕ್ಸಿನ್ ಜಾತಿಯ ಪದಾರ್ಥಗಳ ಹಿಡಿತ ಮತ್ತೂ ಬಿಗಿಯಾಗುತ್ತದೆ. ಗಡ್ಡೆಯ ರಸ ಕುಡಿದು ವಾಂತಿ ಭೇದಿಯಾದರೆ ಪೊಟ್ಯಾಸಿಯಂ ಇನ್ನಷ್ಟು ನಷ್ಟ. ಒಂದನ್ನೊಂದು ತಳ್ಳಿಕೊಂಡು ಹೋಗುವ ಸುಳಿ ಅದು.

ಕಳೆದ ಮಳೆಗಾಲದಲ್ಲಿ ಕುಡಿದದ್ದು ಈಗ ದೇಹದಲ್ಲಿ ಉಳಿದಿಲ್ಲ, ಆ ಭಯ ಬೇಡ. ಆದರೂ ಮುಂದಿನ ಸಲ ಹೃದಯದ ವೈದ್ಯರ ಬಳಿ ಹೋದಾಗ ಇದನ್ನು ಮುಚ್ಚಿಡದೆ ಹೇಳಿ. ಆ ದಿನಗಳಲ್ಲಿ ವಾಂತಿ, ಸುಸ್ತು ಎಂದು ತೋರಿಸಲು ಹೋಗಿದ್ದರೆ ವೈದ್ಯರು ಅದನ್ನು ಡಿಗಾಕ್ಸಿನ್ ಹೆಚ್ಚಾದದ್ದರ ಫಲ ಎಂದು ತಿಳಿದು ಮಾತ್ರೆ ಇಳಿಸಿರಬಹುದು. ಗಡ್ಡೆಯ ವಿಷಯ ಗೊತ್ತಿಲ್ಲದೆ ಮಾಡಿದ ಆ ಬದಲಾವಣೆ ಇವತ್ತಿಗೂ ಮುಂದುವರಿದಿರಬಹುದು. ನಮ್ಮ ಕಡೆ ಹಿರಿಯರು ನಾಟಿ ಮದ್ದಿನ ಮಾತನ್ನು ಆಸ್ಪತ್ರೆಯಲ್ಲಿ ಎತ್ತುವುದಿಲ್ಲ, ಬೈಯುತ್ತಾರೆಂಬ ಅಂಜಿಕೆ. ನೀವು ಜೊತೆಗೆ ಹೋಗಿ ಹೇಳಿ.

ವಾಂತಿಯಾದರೆ ದೋಷ ಹೋಯಿತು ಎಂಬ ಮಾತನ್ನು ನಾನು ಮೂವತ್ತು ವರ್ಷ ಕೇಳಿದ್ದೇನೆ. ಫಾರ್ಮಸಿ ಕಾಲೇಜಿನಲ್ಲಿ ಮೂಲಿಕೆಗಳ ಗುರುತು ಮತ್ತು ಗುಣ ಕಲಿಸುವುದು ನನ್ನ ಕೆಲಸವಾಗಿತ್ತು, ಹಾಗಾಗಿ ಯಾರ ಮನೆಯಲ್ಲಿ ಏನು ತಿಂದು ಹೆಚ್ಚುಕಡಿಮೆಯಾದರೂ ಉಳಿದ ತುಂಡು ನನ್ನ ಮೇಜಿಗೆ ಬರುತ್ತಿತ್ತು. ಒಮ್ಮೆ ಆಸ್ಪತ್ರೆಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ರಾತ್ರಿ ಹನ್ನೊಂದಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಗಡ್ಡೆ ಹಿಡಿದು ಬಂದ. ರೋಗಿಯ ನಾಡಿ ನಿಮಿಷಕ್ಕೆ ಮೂವತ್ತೆಂಟಕ್ಕೆ ಇಳಿದಿತ್ತು. ವಾಂತಿ ನಿಲ್ಲುವವರೆಗೆ ಮನೆಯವರು ಆತನನ್ನು ಸಂಜೆಯಿಡೀ ಮಲಗಿಸಿ ಕಾದಿದ್ದರು, ಮದ್ದು ಕೆಲಸ ಮಾಡುತ್ತಿದೆ ಎಂಬ ನಂಬಿಕೆಯಲ್ಲಿ. ಆತ ಬದುಕಿದ. ಆ ಕಾದ ನಾಲ್ಕು ಗಂಟೆ ಮಾತ್ರ ನನಗೆ ಇಂದಿಗೂ ಮರೆತಿಲ್ಲ.

ವಾಂತಿ ಎಂದರೆ ದೇಹ ‘ಇದು ಬೇಡ’ ಎನ್ನುತ್ತಿರುವುದು. ಕಾಡು ನೀರುಳ್ಳಿಯ ವಿಷ ಏರಿದಾಗ ಮೊದಲು ಕಾಣುವುದು ಅದೇ. ಮೆಡಿಟರೇನಿಯನ್ ಸ್ಕ್ವಿಲ್‌ನಲ್ಲಿ ಕೆಂಪು ಗಡ್ಡೆಯ ಬಗೆಯೊಂದಿದೆ. ಅದರ ಪುಡಿಯನ್ನು ಬಹಳ ಕಾಲ ಇಲಿ ಪಾಷಾಣವಾಗಿ ಬಳಸುತ್ತಿದ್ದರು. ಬೆಕ್ಕು ನಾಯಿಗಳು ತಿಂದರೆ ಕಕ್ಕಿಬಿಡುತ್ತವೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಅದು ಸಾಯುತ್ತದೆ. ನಿಮ್ಮ ಮಾವನವರನ್ನು ಉಳಿಸಿದ್ದೂ ಆ ವಾಂತಿಯೇ. ಗಡ್ಡೆ ಒಳ್ಳೆಯದು ಮಾಡಿತು ಎನ್ನುವುದಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿಯುವುದು ಉಲ್ಟಾ ಲೆಕ್ಕ.

ಹಾಗಾದರೆ ಇದು ಮದ್ದೇ ಅಲ್ಲವೇ? ಮದ್ದು ಹೌದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಯುರ್ವೇದದಲ್ಲಿ ವನಪಲಾಂಡುವಿಗೆ ಸ್ಥಾನವಿದೆ. ಬ್ರಿಟಿಷರ ಕಾಲದ ಕೆಮ್ಮಿನ ಸಿರಪ್‌ಗಳಲ್ಲಿ ಸ್ಕ್ವಿಲ್ ಇರುತ್ತಿತ್ತು, ಅದಕ್ಕೆ ಬದಲಾಗಿ ನಮ್ಮ ಗಡ್ಡೆಯೂ ಅಧಿಕೃತ ಔಷಧಗಳ ಪುಸ್ತಕಗಳನ್ನು ಸೇರಿತು. ವಿದ್ಯಾರ್ಥಿಗಳಿಗೆ ನಾವು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಿದ್ದೆವು: ಅಯೋಡಿನ್ ನೀರು ಹಾಕಿದರೆ ಭಾರತದ ಗಡ್ಡೆಯ ಲೋಳೆ ಕೆಂಪು ನೇರಳೆಗೆ ತಿರುಗುತ್ತದೆ, ಯುರೋಪಿನದು ತಿರುಗುವುದಿಲ್ಲ. ಕಫ ಸಡಿಲವಾಗುವುದೂ ನಿಜ. ಆದರೆ ಅದು ಹೇಗಾಗುತ್ತದೆ ಗೊತ್ತೇ? ಗಡ್ಡೆ ಹೊಟ್ಟೆಯ ಒಳಪದರವನ್ನು ಕೆಣಕುತ್ತದೆ. ಆ ಕೆರಳಿಕೆಗೆ ಪ್ರತಿಕ್ರಿಯೆಯಾಗಿ ಶ್ವಾಸನಾಳದಲ್ಲಿ ನೀರಿನಂಶ ಹೆಚ್ಚುತ್ತದೆ. ವಾಂತಿಗೆ ಮುಂಚೆ ಬಾಯಲ್ಲಿ ನೀರೂರುತ್ತದಲ್ಲ, ಅದೇ ದಾರಿ. ಅಂದರೆ ಕೆಮ್ಮಿನ ಉಪಶಮನವೇ ವಾಂತಿಯ ಮೊದಲ ಮೆಟ್ಟಿಲು. ಇಂದು ಕಫಕ್ಕೆ ಇದಕ್ಕಿಂತ ಸುರಕ್ಷಿತವಾದವು ಬೇಕಾದಷ್ಟಿವೆ.

ಮೂತ್ರ ಹೆಚ್ಚಿಸುತ್ತದೆ ಎಂಬ ಹೆಸರಿನಿಂದಲೇ ಕಲ್ಲಿನ ಮಾತು ಹುಟ್ಟಿಕೊಂಡದ್ದು. ಮೂತ್ರ ಹೆಚ್ಚಾಗುವುದು ಬೇರೆ, ಕಲ್ಲು ಕರಗುವುದು ಬೇರೆ. ಮೂತ್ರದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು. ನಿಮ್ಮ ಕೈ ತುರಿಸಿತು ಎಂದಿರಲ್ಲ, ಅದಕ್ಕೆ ಮುಖ್ಯ ಕಾರಣ ಗಡ್ಡೆಯ ಪದರಗಳಲ್ಲಿ ಕಟ್ಟುಕಟ್ಟಾಗಿ ಇರುವ ಸೂಜಿಯಂಥ ಹರಳುಗಳು, ಮತ್ತು ಆ ಹರಳುಗಳೂ ಕ್ಯಾಲ್ಸಿಯಂ ಆಕ್ಸಲೇಟ್‌ನವೇ! ಕಲ್ಲಿನ ಸಾಮಗ್ರಿಯನ್ನೇ ಒಡಲಲ್ಲಿಟ್ಟುಕೊಂಡ ಗಡ್ಡೆ ಕಲ್ಲನ್ನು ಕರಗಿಸೀತು ಎಂದು ನಂಬಲು ನನಗೆ ಯಾವ ಆಧಾರವೂ ಕಂಡಿಲ್ಲ. ಮಾವನವರಿಗೆ ನಿಜವಾಗಿ ಕಲ್ಲಿದೆಯೇ, ಎಷ್ಟು ದೊಡ್ಡದು, ಎಲ್ಲಿ ನಿಂತಿದೆ ಎಂಬುದು ಒಂದು ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ. ಸಣ್ಣ ಕಲ್ಲುಗಳು ತಾವಾಗಿಯೇ ಹೋಗುವುದು ಮಾಮೂಲು. ಯಾರೋ ಕೊಟ್ಟ ರಸಕ್ಕೆ ಸಿಗುವ ಕೀರ್ತಿಯಲ್ಲಿ ಬಹುಪಾಲು ಹೀಗೆ ಬಂದದ್ದು. ಇನ್ನೊಂದು ಮಾತು: ಹೃದಯದ ತೊಂದರೆಗೆ ನೀರಿನ ಮಾತ್ರೆ ನುಂಗುವವರು ‘ಕಲ್ಲಿಗೆ ನೀರು ಜಾಸ್ತಿ ಕುಡಿಯಿರಿ’ ಎಂಬ ಸಾಮಾನ್ಯ ಸಲಹೆಯನ್ನೂ ವೈದ್ಯರನ್ನು ಕೇಳದೆ ಪಾಲಿಸಬಾರದು.

ಕುದಿಸಿದರೆ ವಿಷ ಹೋಗುತ್ತದೆ ಎಂಬುದು ಸುವರ್ಣಗಡ್ಡೆ, ಕೆಸುವಿನ ಅನುಭವದಿಂದ ಬಂದ ನಂಬಿಕೆ. ಅಲ್ಲಿ ಹುಳಿ ಹಾಕಿ ಬೇಯಿಸಿದರೆ ತುರಿಕೆ ತಗ್ಗುವುದು ನಿಜ. ಕಾಡು ನೀರುಳ್ಳಿಯಲ್ಲೂ ತುರಿಕೆ ತಗ್ಗಬಹುದು. ಆಗ ಗಂಟಲಿಗೆ ಇಳಿಯುವುದು ಸುಲಭವಾಗುತ್ತದೆ, ಅಷ್ಟೇ. ಹೃದಯವನ್ನು ಹಿಡಿಯುವ ಪದಾರ್ಥಗಳು ಅಡುಗೆಯ ಬಿಸಿಗೆ ನಂಬುವಷ್ಟು ನಾಶವಾಗುವುದಿಲ್ಲ. ಒಣಗಿಸಿದರೂ ಹಾಗೆಯೇ. ಗಡ್ಡೆಯನ್ನು ಜಜ್ಜಿದಾಗ ಅದರೊಳಗಿನ ಕಿಣ್ವ ಸಿಲ್ಲಾರೆನ್‌ನಿಂದ ಒಂದು ಸಕ್ಕರೆಯ ತುಣುಕನ್ನು ಕತ್ತರಿಸುತ್ತದೆ. ಉಳಿಯುವುದು ಪ್ರೋಸಿಲ್ಲಾರಿಡಿನ್, ಅದೂ ಹೃದಯದ ಮೇಲೆ ಅಷ್ಟೇ ಗಟ್ಟಿಯಾಗಿ ಕೆಲಸ ಮಾಡುವಂಥದ್ದು.

‘ಸ್ವಲ್ಪವೇ ಕುಡಿದರೆ?’ ಎಂದು ಮಾವನವರು ಕೇಳಬಹುದು. ಈ ಪ್ರಶ್ನೆಗೆ ನನ್ನ ವೃತ್ತಿಯಿಡೀ ಉತ್ತರ ಹುಡುಕಿದ್ದೇನೆ. ಮನೆಯಲ್ಲಿ ‘ಸ್ವಲ್ಪ’ವನ್ನು ಅಳೆಯುವ ದಾರಿಯೇ ಇಲ್ಲ. ಒಂದೇ ಪಾತಿಯ ಎರಡು ಗಡ್ಡೆಗಳಲ್ಲಿ ವಿಷದ ಪ್ರಮಾಣ ಒಂದೇ ಇರುವುದಿಲ್ಲ. ಹೂ ಬಿಡುವ ಮುಂಚೆ, ಎಲೆ ಇರುವಾಗ, ಎಲೆ ಒಣಗಿದ ಮೇಲೆ ಬೇರೆ ಬೇರೆ. ಒಳಪದರ ಹೊರಪದರಗಳಲ್ಲೂ ವ್ಯತ್ಯಾಸ. ಹೊರನೋಟಕ್ಕೆ ಒಂದೇ ತರಹ ಕಾಣುವ ಗಿಡಗಳಲ್ಲಿ ಕ್ರೋಮೋಸೋಮುಗಳ (ಗುಣಗಳನ್ನು ಹೊರುವ ಎಳೆಗಳ) ಕಟ್ಟುಗಳು ಎರಡು, ಮೂರು, ನಾಲ್ಕು ಇರುವ ಬಗೆಗಳು ನಮ್ಮ ದೇಶದಲ್ಲಿ ಇವೆ. ಸಾಲದ್ದಕ್ಕೆ ಇದೇ ಕುಲದ ಬೇರೆ ಜಾತಿಗಳೂ ನಮ್ಮಲ್ಲುಂಟು. ಸಸ್ಯಶಾಸ್ತ್ರಜ್ಞರಾದ ಬೋರಯ್ಯ ಮತ್ತು ಫಾತಿಮಾ ಮೊದಲು ವಿವರಿಸಿದ, ಗೋವಿಂದಪ್ಪ ಎಂಬ ಹೆಸರನ್ನು ಹೊತ್ತ ಡ್ರಿಮಿಯ ಗೋವಿಂದಪ್ಪೆ ಅವುಗಳಲ್ಲಿ ಒಂದು. ಬರೀ ಗಡ್ಡೆ ನೋಡಿ ಇವನ್ನು ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಪಕ್ಕದ ಮನೆಯವರು ಹೋದ ವರ್ಷ ಕುಡಿದು ಏನೂ ಆಗಲಿಲ್ಲ ಎಂದರೆ ಅವರು ಕುಡಿದದ್ದು ಬೇರೆ ಗಡ್ಡೆ, ಬೇರೆ ತಿಂಗಳು, ಬೇರೆ ಹೃದಯ. ಕಾರ್ಖಾನೆಯಲ್ಲಿ ಔಷಧ ಮಾಡುವವರು ಪ್ರತಿ ಸಲದ ತಯಾರಿಯನ್ನೂ ಪರೀಕ್ಷಿಸಿ ಅಳತೆಗೆ ತರುತ್ತಿದ್ದುದು ಇದೇ ಕಾರಣಕ್ಕೆ.

ಆಣಿಗೆ ಇದರ ಹೋಳನ್ನು ಬಿಸಿ ಮಾಡಿ ಕಟ್ಟುವ ರೂಢಿಯೂ ಕರಾವಳಿ ಬಯಲುಸೀಮೆ ಎರಡರಲ್ಲೂ ಇದೆ. ಮುಂದೆ ಅದೂ ನಿಮ್ಮ ಮನೆಗೆ ಬರಬಹುದು. ಗಟ್ಟಿ ಚರ್ಮ ಮೆತ್ತಗಾಗುವುದು ಉಂಟು, ಸುತ್ತಲಿನ ಒಳ್ಳೆಯ ಚರ್ಮ ಬೊಬ್ಬೆ ಬರುವುದೂ ಉಂಟು. ಸಕ್ಕರೆ ಕಾಯಿಲೆಯ ಹಲವರಿಗೆ ಪಾದದಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಅಲ್ಲಿ ಸುಟ್ಟರೆ ಹುಣ್ಣು ವಾಸಿಯಾಗಲು ತಿಂಗಳುಗಳು. ಅಂಥವರು ಖಂಡಿತ ಕಟ್ಟಬಾರದು. ಬಿರುಕು ಬಿಟ್ಟ ಹಿಮ್ಮಡಿಗೆ ಯಾರೂ ಹಚ್ಚಬಾರದು.

ಇನ್ನು ಗಿಡದ ಕಡೆ ಬರೋಣ. ಇದರ ಬಗ್ಗೆ ನನಗೆ ಮಮತೆ ಜಾಸ್ತಿ.

ಅತ್ತೆಯವರು ಎರಡು ಗಿಡ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಈ ಗಿಡದ ಹೂವೂ ಎಲೆಯೂ ಒಂದನ್ನೊಂದು ನೋಡುವುದೇ ಅಪರೂಪ. ನೀರುಳ್ಳಿಯ ಗಡ್ಡೆಯಂತೆ ಇದೂ ಒಂದು ಚಪ್ಪಟೆ ಕಾಂಡದ ಬಿಲ್ಲೆ, ಅದರ ಸುತ್ತ ಎಲೆಗಳ ಉಬ್ಬಿದ ಬುಡಗಳು. ಮಳೆಗಾಲದಲ್ಲಿ ಎಲೆಗಳು ಮಾಡಿದ ಆಹಾರ, ಹೀರಿದ ನೀರು ಎರಡೂ ಆ ಪದರಗಳಲ್ಲಿ ಲೋಳೆಯಾಗಿ ಸೇರಿಕೊಳ್ಳುತ್ತವೆ. ಮಳೆ ನಿಂತ ಮೇಲೆ ಎಲೆ ಒಣಗಿ ಮಾಯ. ಚಳಿಗಾಲ ಪೂರ್ತಿ ಮಣ್ಣಿನೊಳಗೆ ಮೌನ. ಬೇಸಿಗೆ ಕಾದು, ನಿಮ್ಮ ಹಿತ್ತಿಲ ಮರಳಿನಲ್ಲಿ ಬರಿಗಾಲು ಇಡಲಾಗದ ಹೊತ್ತಿಗೆ, ಒಂದು ಹನಿ ನೀರೂ ಕೇಳದೆ ಕೋಲು ಎತ್ತುತ್ತದೆ. ಹೂಗಳು ಬುಡದಿಂದ ತುದಿಯ ಕಡೆಗೆ ದಿನಕ್ಕಿಷ್ಟರಂತೆ ಅರಳುತ್ತಾ ಹೋಗುತ್ತವೆ. ಒಂದೊಂದು ಹೂವಿನ ಆಯುಷ್ಯ ಒಂದು ದಿನಕ್ಕೂ ಕಡಿಮೆ. ಮಳೆ ಶುರುವಾಗುವಷ್ಟರಲ್ಲಿ ಕಾಯಿ ಒಡೆದು ಕಪ್ಪು, ಹಗುರ, ಚಪ್ಪಟೆ ಬೀಜಗಳು ಗಾಳಿಗೆ ತೂರಿರುತ್ತವೆ. ಆಮೇಲೆ ಎಲೆ.

ಈ ಗಿಡಕ್ಕೆ ಮರಳೇ ಯಾಕೆ ಇಷ್ಟ ಎಂದರೆ, ಅದಕ್ಕೆ ನೀರಿನ ಕೊರತೆಯ ಭಯವಿಲ್ಲ, ನೀರು ನಿಲ್ಲುವ ಭಯವಿದೆ. ನಿಮ್ಮ ಕಡೆ ಜೂನ್ ಜುಲೈನಲ್ಲಿ ಸುರಿಯುವ ಮಳೆ ಜೇಡಿಮಣ್ಣಿನಲ್ಲಿ ಕಟ್ಟಿ ನಿಂತರೆ ಇಷ್ಟು ರಸವಿರುವ ಗಡ್ಡೆ ಕೊಳೆತುಹೋದೀತು. ಮರಳಿನಲ್ಲಿ ಬಿದ್ದ ನೀರು ಬಿದ್ದಂತೆ ಇಳಿಯುತ್ತದೆ. ಬಯಲುಸೀಮೆಯಲ್ಲೂ ಇದು ಸಿಗುವುದು ಗರಸು ಮಣ್ಣಿನ ಗುಡ್ಡ, ಮರಳು ಮಿಶ್ರಿತ ಕೆಂಪು ನೆಲಗಳಲ್ಲಿ. ಮೆಡಿಟರೇನಿಯನ್ನಿನ ಸೋದರನಿಗೂ ಇದೇ ಸ್ವಭಾವ. ಗ್ರೀಸಿನ ಜನ ಹೊಸ ವರ್ಷಕ್ಕೆ ಅದರ ಗಡ್ಡೆಯನ್ನು ಕಿತ್ತು ಬಾಗಿಲಿಗೆ ತೂಗುಹಾಕುತ್ತಾರೆ. ಮಣ್ಣಿಲ್ಲದೆ ನೀರಿಲ್ಲದೆ ಅದು ಅಲ್ಲೇ ಚಿಗುರುತ್ತದೆ, ಅದೇ ಶುಭ. ನಮ್ಮವರು ಲೋಳೆಸರವನ್ನು ಬಾಗಿಲಿಗೆ ತಲೆಕೆಳಗಾಗಿ ಕಟ್ಟುವುದು ನೆನಪಾಗುತ್ತದೆ. ಸಾಯದ ಗಿಡವನ್ನು ಹೊಸ್ತಿಲ ಮೇಲಿಡುವ ಆಸೆ ಎಲ್ಲ ಕಡಲ ದಂಡೆಯವರಿಗೂ ಇದ್ದಂತಿದೆ.

ಈಗ ನಿಮ್ಮ ನಿಜವಾದ ಅಪಾಯ ಎಲ್ಲಿದೆ ಎಂದರೆ ಆ ಕುಮಟೆ ನೀರುಳ್ಳಿಯ ಪಾತಿಯಲ್ಲಿ. ಕಾಡು ನೀರುಳ್ಳಿ ಇರುವ ಮರಳಿನಲ್ಲೇ ಊಟದ ನೀರುಳ್ಳಿ ಬೆಳೆದಿದ್ದೀರಿ. ಕೀಳುವ ಹೊತ್ತಿಗೆ ಎರಡೂ ಒಂದೇ ಬುಟ್ಟಿಗೆ ಬೀಳುವ ಸಾಧ್ಯತೆ ಸಣ್ಣದಲ್ಲ. ಕುಮಟೆಯದು ತಿಳಿ ಕೆಂಪು, ಕಾಡಿನದು ಬಿಳಿ ಎಂದು ಬಣ್ಣವನ್ನೇ ನಂಬಬೇಡಿ. ಸಿಪ್ಪೆ ಸುಲಿದು ಹೆಚ್ಚಿದ ಮೇಲೆ ಬಣ್ಣ ಮೋಸ ಮಾಡುತ್ತದೆ. ಎಲೆ ಇದ್ದಾಗ ನೋಡಿ: ಊಟದ ನೀರುಳ್ಳಿಯ ಎಲೆ ಒಳಗೆ ಟೊಳ್ಳು, ಕೊಳವೆ; ಕಾಡಿನದು ಚಪ್ಪಟೆ ಪಟ್ಟಿ. ಎಲ್ಲಕ್ಕಿಂತ ಗಟ್ಟಿ ಗುರುತು ವಾಸನೆ. ಗಡ್ಡೆಯನ್ನು ಉಗುರಿನಿಂದ ಗೀರಿದರೆ ನೀರುಳ್ಳಿಯ ಘಾಟು ಬರಲೇಬೇಕು. ಬರಲಿಲ್ಲವೆಂದರೆ, ಲೋಳೆ ಮಾತ್ರ ಇದೆಯೆಂದರೆ, ಅದು ಅಡುಗೆಮನೆಗೆ ಬರಬಾರದು. ಆಗಲೇ ನೀರುಳ್ಳಿ ಹೆಚ್ಚಿದ ಕೈಯಲ್ಲಿ ಈ ಪರೀಕ್ಷೆ ಮಾಡಬೇಡಿ, ಕೈಯ ವಾಸನೆಯೇ ದಾರಿ ತಪ್ಪಿಸುತ್ತದೆ. ನಾಲಗೆಗೆ ಇಟ್ಟು ನೋಡುವುದಂತೂ ಬೇಡವೇ ಬೇಡ. ನಿಮ್ಮ ಕಡೆಯ ಮರಳಿನಲ್ಲಿ ನಕ್ಷತ್ರದಂಥ ಬಿಳಿ ಹೂವಿನ ಪ್ಯಾಂಕ್ರೇಷಿಯಂ, ದೊಡ್ಡ ಎಲೆಯ ಕ್ರೈನಂ ಗಡ್ಡೆಗಳೂ ಇರಬಹುದು. ಅವುಗಳ ವಿಷ ಬೇರೆ ಬಗೆಯದು, ಆದರೆ ಅವಕ್ಕೂ ಘಾಟಿಲ್ಲ. ಒಂದೇ ನಿಯಮ ಎಲ್ಲದರಿಂದಲೂ ಕಾಯುತ್ತದೆ.

ಮಗನ ಬಗ್ಗೆ: ನೆಲದಲ್ಲಿರುವ ಗಿಡ ಯಾರ ಮೇಲೂ ಬೀಳುವುದಿಲ್ಲ. ಕೋಲನ್ನು ಮುಟ್ಟಿದರೆ, ಹೂ ಕಿತ್ತರೆ ವಿಷ ಏರುವುದಿಲ್ಲ, ಕೈ ತೊಳೆಸಿದರಾಯಿತು. ಗಡ್ಡೆ ತೀರಾ ಕಹಿ, ಮಕ್ಕಳು ಒಂದು ತುತ್ತಿಗಿಂತ ಹೆಚ್ಚು ತಿನ್ನುವುದು ಅಪರೂಪ. ಆದರೆ ನೀವು ಅಗೆದು ಹೊರಗೆ ಹಾಕಿದ ಆ ಎಂಟು ಹತ್ತು ಗಡ್ಡೆಗಳು ಈಗ ಎಲ್ಲಿವೆ? ಪತ್ರದಲ್ಲಿ ಅದನ್ನು ಬರೆದಿಲ್ಲ. ಜಗಲಿಯ ಮೂಲೆಯಲ್ಲೋ ಗೊಬ್ಬರದ ಗುಂಡಿಯ ಅಂಚಿನಲ್ಲೋ ಬಿದ್ದಿದ್ದರೆ ಇಂದೇ ಎತ್ತಿ. ಸೀಳಿದ ಗಡ್ಡೆ ಮಕ್ಕಳ ಅಡುಗೆಯಾಟಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಕರುವಿಗೆ ಅಪಾಯದ ಕಾಲ ಬೇರೆ. ದಕ್ಷಿಣ ಆಫ್ರಿಕದಲ್ಲಿ ಇದೇ ಕುಲದ ಗಿಡವೊಂದು ದನಗಳನ್ನು ಕೊಲ್ಲುತ್ತದೆ, ಅಲ್ಲಿ ಅದಕ್ಕೆ ಹಾವಿನ ತಲೆ ಎಂದು ಹೆಸರು. ಹುಲ್ಲು ಚಿಗುರುವ ಮೊದಲೇ ಅದು ಹಸಿರಾಗುತ್ತದೆ, ಹಸಿದ ದನ, ಅದರಲ್ಲೂ ಆ ಜಾಗಕ್ಕೆ ಹೊಸದಾಗಿ ಬಂದದ್ದು ಬಾಯಿ ಹಾಕುತ್ತದೆ. ನಿಮ್ಮಲ್ಲೂ ಮೊದಲ ಮಳೆಯ ಎರಡು ಮೂರು ವಾರ ಕರುವನ್ನು ಹೊಟ್ಟೆ ತುಂಬಿಸದೆ ಆ ಕಡೆ ಬಿಡಬೇಡಿ. ಹುಲ್ಲು ಬೆಳೆದ ಮೇಲೆ ಈ ಕಹಿಯನ್ನು ಅದು ತಾನಾಗಿಯೇ ಬಿಡುತ್ತದೆ.

ಹಾಗಾದರೆ ಎಲ್ಲ ಕೀಳುವುದೇ? ನಾನು ಕೀಳಬೇಡಿ ಎನ್ನುತ್ತೇನೆ. ಮರಳಿನಲ್ಲಿ ಪೂರ್ತಿ ಕಿತ್ತೆ ಎಂದುಕೊಂಡರೂ ಸಣ್ಣ ಮರಿಗಡ್ಡೆಗಳು ಉಳಿಯುತ್ತವೆ. ಮುಂದಿನ ವರ್ಷ ಅವು ಎಲ್ಲೆಲ್ಲಿವೆ ಎಂಬ ಗುರುತೇ ನಿಮಗಿರುವುದಿಲ್ಲ. ಗೊತ್ತಿದ್ದ ಜಾಗದ ಗಿಡಕ್ಕಿಂತ ಅದು ಹೆಚ್ಚು ತೊಂದರೆ. ಕಿತ್ತ ಗಡ್ಡೆ ಒಣಗಿ ಸಾಯುವುದೂ ಇಲ್ಲ, ಎಸೆದಲ್ಲಿ ಚಿಗುರುತ್ತದೆ. ಗಾಳಿಮರದ ಬುಡದಲ್ಲಿರುವುದನ್ನು ಅಲ್ಲೇ ಬಿಟ್ಟು, ಸುತ್ತ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಮಗ ಸ್ವಲ್ಪ ದೊಡ್ಡವನಾಗುವವರೆಗೆ ಅಷ್ಟು ಸಾಕು. ಪಾತಿಯ ಸುತ್ತಲಿನದನ್ನು ಮಾತ್ರ ಸ್ಥಳಾಂತರಿಸಿ. ಅದಕ್ಕೆ ಈಗಿನ ತಿಂಗಳೇ ಸರಿ, ಗಡ್ಡೆ ನಿದ್ದೆಯಲ್ಲಿದೆ. ರಬ್ಬರ್ ಕೈಗವಸು ಹಾಕಿ, ಸೀಳದಂತೆ ಅಗೆದು, ಗಡ್ಡೆಯ ಕುತ್ತಿಗೆ ಮರಳಿನ ಮೇಲೆ ಕಾಣುವಂತೆ ಹೊಸ ಜಾಗದಲ್ಲಿ ನೆಡಿ. ನೀರು ಹಾಕಬೇಡಿ, ಮಳೆಯೇ ಹಾಕುತ್ತದೆ. ಕುಂಡದಲ್ಲಿ ಬೆಳೆಸುವ ಆಸೆಯಿದ್ದರೆ ಮುಕ್ಕಾಲು ಪಾಲು ಮರಳು ಇರಲಿ, ಕುಂಡದ ಮೇಲೆ ದಪ್ಪ ಅಕ್ಷರದಲ್ಲಿ ‘ವಿಷ’ ಎಂದು ಬರೆಯಿರಿ. ಆ ಪಾತಿಯಲ್ಲಿ ಮುಂದಿನ ವರ್ಷ ನೀರುಳ್ಳಿ ಬೇಡ. ಹರಿವೆಯೋ ಅಲಸಂಡೆಯೋ ಹಾಕಿ. ಗಡ್ಡೆಯಲ್ಲದ ಯಾವುದಾದರೂ ಸರಿ.

ತೀರಾ ಚಿಂತೆಯಾಗಿ ಎಲ್ಲವನ್ನೂ ತೆಗೆಯಲೇಬೇಕು ಎನಿಸಿದರೆ ತಪ್ಪೇನಲ್ಲ. ಹಾಗೆ ಮಾಡುವುದಾದರೆ ತೆಗೆದದ್ದನ್ನು ಮಕ್ಕಳಿಗೂ ದನಕ್ಕೂ ಸಿಗದ ಕಡೆ ಆಳವಾಗಿ ಹೂಳಿ.

ವ್ಯಾಪಾರಿಗೆ ಮಾತ್ರ ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆತ ಒಳ್ಳೆಯವನೇ ಇರಬಹುದು. ಆದರೆ ನಿಮ್ಮ ಬಾಗಿಲು ದಾಟಿದ ಗಡ್ಡೆ ಯಾವ ಅಂಗಡಿಯ ಯಾವ ಡಬ್ಬಿಗೆ, ಯಾವ ಹೆಸರಿನಲ್ಲಿ ಹೋಗುತ್ತದೆ ಎಂಬುದು ನಿಮಗೆ ತಿಳಿಯುವುದಿಲ್ಲ. ಹೋಳು ಮಾಡಿ ಒಣಗಿಸಿದ ಗಡ್ಡೆಗಳು ಎಲ್ಲವೂ ಒಂದೇ ತರಹ. ಮೂಲಿಕೆ ಅಂಗಡಿಗಳಿಂದ ತಂದ ಒಂದೇ ಚೀಲದಲ್ಲಿ ಎರಡು ಮೂರು ಬಗೆಯ ಗಡ್ಡೆಯ ಹೋಳುಗಳನ್ನು ನಾನು ಸೂಕ್ಷ್ಮದರ್ಶಕದಡಿ ಬೇರ್ಪಡಿಸಿದ್ದೇನೆ. ಬೇರೆ ಯಾರದೋ ಮಾವನ ಲೋಟಕ್ಕೆ ನಿಮ್ಮ ಹಿತ್ತಿಲಿನದು ಹೋಗುವುದು ಬೇಡ. ಜೊತೆಗೆ, ಬೀಜದಿಂದ ಮುಷ್ಟಿ ಗಾತ್ರದ ಗಡ್ಡೆಯಾಗಲು ಹಲವು ಮಳೆಗಾಲ ಬೇಕು. ಒಂದು ಮಧ್ಯಾಹ್ನದಲ್ಲಿ ಒಂದು ಚೀಲ ತುಂಬುತ್ತದೆ.

ಯಾರಾದರೂ ಯಾವತ್ತಾದರೂ ಇದನ್ನು ನುಂಗಿದರೆ ಏನು ಮಾಡಬೇಕೆಂದು ಗೋಡೆಯ ಮೇಲೆ ಬರೆದಿಡಿ. ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿ ಮೊದಲು. ಆಮೇಲೆ ತಲೆಸುತ್ತು, ಕಣ್ಣು ಮಂಜು, ನಾಡಿ ನಿಧಾನ. ಇವೆಲ್ಲ ಬರಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹಾಲು ಮಜ್ಜಿಗೆಯಲ್ಲಿ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ, ಉಳಿದ ತುಂಡನ್ನು ಜೊತೆಗೆ ಒಯ್ಯಿರಿ. ‘ಇದು ಡಿಗಾಕ್ಸಿನ್‌ನಂತೆ ಕೆಲಸ ಮಾಡುವ ಗಡ್ಡೆ’ ಎಂಬ ಒಂದು ವಾಕ್ಯ ಹೇಳಿದರೆ ವೈದ್ಯರಿಗೆ ಅರ್ಧ ದಾರಿ ಸಿಕ್ಕಂತೆ. ರಕ್ತದಲ್ಲಿ ಡಿಗಾಕ್ಸಿನ್ ಅಳೆಯುವ ಪರೀಕ್ಷೆ ಈ ಗಡ್ಡೆಯ ಪದಾರ್ಥವನ್ನು ಸರಿಯಾಗಿ ಹಿಡಿಯುವುದಿಲ್ಲ. ಸಂಖ್ಯೆ ಕಡಿಮೆ ಬಂತೆಂದು ಮನೆಗೆ ಹೊರಡಬೇಡಿ. ಹೃದಯದ ಬಡಿತವನ್ನು ಕಾಯುವುದು, ಪೊಟ್ಯಾಸಿಯಂ ನೋಡುವುದು ಮುಖ್ಯ. ಡಿಗಾಕ್ಸಿನ್ ವಿಷಕ್ಕೆ ಇರುವ ಪ್ರತಿವಿಷ ಇದಕ್ಕೂ ಕೆಲವೊಮ್ಮೆ ನೆರವಾಗುತ್ತದೆ, ಆದರೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವಂಥದ್ದಲ್ಲ.

ಅತ್ತೆಯವರ ಪ್ರಶ್ನೆಗೆ ಒಂದು ಸುಲಭದ ಪ್ರಯೋಗ ಇದೆ. ಏಪ್ರಿಲ್‌ನಲ್ಲಿ ಕೋಲು ಎದ್ದ ದಿನ ಅವರ ಕೈಯಿಂದಲೇ ಅದರ ಬುಡಕ್ಕೆ ಒಂದು ದೊಡ್ಡ ಕಡಲ ಚಿಪ್ಪನ್ನು ಊರಿಸಿ. ಹೂವಾಗಿ, ಕಾಯಾಗಿ, ಕೋಲು ಒಣಗಿ ಬೀಳಲಿ. ಜೂನ್‌ನ ಮಳೆಗೆ ಆ ಚಿಪ್ಪಿನ ಪಕ್ಕದಲ್ಲಿ ಏನು ಮೇಲೆ ಬರುತ್ತದೆ ಎಂದು ಇಬ್ಬರೂ ಹೋಗಿ ನೋಡಿ, ನನಗೂ ಬರೆಯಿರಿ.